ನೂರರ ಮೇಲಿನ ಗೀತೆಗಳು

'ನಿವೃತ್ತರಾದರು' ಎಂದು ಬರೆದರೆ ಅದು ಸುಳ್ಳಾಗುತ್ತದೆಯೇ? ಪೂರ್ತಿ ಸುಳ್ಳೇನಲ್ಲ. ಕೆಲಸ ಬಿಟ್ಟವರೆಲ್ಲ ಒಂದರ್ಥದಲ್ಲಿ ನಿವೃತ್ತರೇ. 'ಸ್ವಂತ ಇಚ್ಛೆಯಿಂದ ಬಿಟ್ಟುಕೊಟ್ಟರು' ಎಂದರೆ? ಓದುವುದಕ್ಕೆ ಇನ್ನೂ ಚೆನ್ನಾಗಿರುತ್ತದೆ. ಆದರೆ 'ಸ್ವಂತ ಇಚ್ಛೆ' ಎಂಬಲ್ಲಿಗೆ ಬರುವಷ್ಟರಲ್ಲಿ ಪೆನ್ಸಿಲ್ ಮುಂದಕ್ಕೆ ಹೋಗಲು ಒಲ್ಲೆ ಎನ್ನುತ್ತಿತ್ತು. 'ಅನಾರೋಗ್ಯದ ಕಾರಣದಿಂದ' ಎಂಬ ಮಾತು ಆ ವರ್ಷದ ನಡಾವಳಿ ಪುಸ್ತಕದಲ್ಲೇ ಇತ್ತು. ಇದ್ದದ್ದನ್ನು ಇದ್ದ ಹಾಗೆ ಇಳಿಸಿಕೊಂಡರೆ ಇಳಿಸಿಕೊಂಡವನ ಮೇಲೆ ಏನೂ ಬರುವುದಿಲ್ಲ. ಮೂವತ್ತಾರು ವರ್ಷ ಅಚ್ಚುಕೂಟದಲ್ಲಿ ಅವನು ಮಾಡಿದ ಕೆಲಸವೂ ಅದೇ ತಾನೆ? ಮೂಲದಲ್ಲಿ ಏನಿದೆಯೋ ಅದೇ ಅಚ್ಚಿನಲ್ಲಿ ಬಂದಿದೆಯೇ ಎಂದು ನೋಡುವುದು. ಮೂಲವೇ ಸುಳ್ಳಾಗಿದ್ದರೆ ಅದು ಪ್ರೂಫ್ ನೋಡುವವನ ತಲೆನೋವಲ್ಲ.

ಆದರೆ ಈ ಮೂಲ ಸುಳ್ಳೆಂದು ಬಲ್ಲವನು ಅವನೊಬ್ಬನೇ ಆಗಿದ್ದ.

ಚರ್ಚಿನ ಆರಾಧನೆಯ ಹಾಲಿನ ಹಿಂದಿನ ಚಿಕ್ಕ ಕೋಣೆಯಲ್ಲಿ ಅವನು ಕೂತಿದ್ದ. ಗೂಟಕ್ಕೆ ಪಾದ್ರಿ ಅಯ್ಯನವರ ಕಪ್ಪು ನಿಲುವಂಗಿ ತೂಗಿತ್ತು. ಮೂಲೆಯಲ್ಲಿ ಬೆತ್ತ ಹರಿದ ಕುರ್ಚಿಗಳು ಒಂದರ ಮೇಲೊಂದು ಏರಿಕೊಂಡಿದ್ದವು. ಮೇಜಿನ ಮೇಲೆ ದೀಕ್ಷಾಸ್ನಾನದ ದಾಖಲೆ, ಮದುವೆಯ ದಾಖಲೆ, ಸಮಾಧಿಯ ದಾಖಲೆ, ಹಿರಿಯರ ಸಮಿತಿಯ ನಡಾವಳಿ, ಎಲ್ಲವೂ ರಟ್ಟು ಕಳಚಿಕೊಂಡು ರಾಶಿ ಬಿದ್ದಿದ್ದವು. ಸಭೆಗೆ ನೂರ ಇಪ್ಪತ್ತೈದು ವರ್ಷ ತುಂಬುತ್ತಿತ್ತು. ಅದರ ಚರಿತ್ರೆ ಬರೆಯುವ ಕೆಲಸವನ್ನು ಎಲ್ಲರೂ ಒಕ್ಕೊರಲಿನಿಂದ ಅವನಿಗೆ ಹೊರಿಸಿದ್ದರು. ಅಚ್ಚುಕೂಟದಲ್ಲಿ ಪ್ರೂಫ್ ರೀಡರ್ ಆಗಿದ್ದವನು, ಈಗ ನಿವೃತ್ತ, ಸಭೆಯ ಹಿರಿಯ, ಇನ್ನೇನು ಬೇಕು? ಗೀತೆ ಪುಸ್ತಕದಲ್ಲಿ ಒಂದು ದೀರ್ಘ ಬಿಟ್ಟುಹೋಗಿದ್ದರೂ ಹಾಡು ಮುಗಿದ ಮೇಲೆ ಬಂದು ಹೇಳುವವನೆಂದು ಅವನಿಗೆ 'ಪ್ರೂಫಣ್ಣ' ಎಂಬ ಹೆಸರು ಎಂದೋ ಅಂಟಿಕೊಂಡಿತ್ತು. ಮನೆಯಲ್ಲಿ ಹೆಂಡತಿ ಕೂಡ ಸಿಟ್ಟು ಬಂದರೆ ಹಾಗೇ ಕರೆಯುತ್ತಿದ್ದಳು.

ಬಾಗಿಲು ಸದ್ದು ಮಾಡಿತು. ಬೀಗ ರಿಪೇರಿಯ ಅಂಗಡಿಯವನು, ಅವನ ಜೊತೆಗೇ ಹಿರಿಯನಾದವನು, ಸೊಂಟದ ಮೇಲೆ ಕೈಯಿಟ್ಟು ನಿಂತಿದ್ದ.

"ಏನಯ್ಯಾ ಪ್ರೂಫಣ್ಣ, ಇನ್ನೂ ಮುಗೀಲಿಲ್ವಾ? ದೇವರು ಆರು ದಿನದಲ್ಲಿ ಲೋಕಾನೇ ಮುಗಿಸಿಬಿಟ್ಟ. ನಿಂಗೆ ಆರು ತಿಂಗಳಾಯ್ತು."

"ದೇವರಿಗೆ ಪ್ರೂಫ್ ನೋಡೋ ಕೆಲಸ ಇರಲಿಲ್ಲ."

"ನೋಡಿದ್ದಿದ್ರೆ ನಿನ್ನಂಥೋನನ್ನ ಅಚ್ಚು ಹಾಕೋಕೆ ಬಿಡ್ತಿರಲಿಲ್ಲ ಬಿಡು." ಬೀಗದವನು ತನ್ನ ಮಾತಿಗೆ ತಾನೇ ನಕ್ಕು, ಮೇಜಿನ ಮೇಲಿದ್ದ ಹಾಳೆಯನ್ನು ತಿರುಗಿಸಿ ನೋಡಿದ. "ಆರ್ಗನ್ ಅಕ್ಕನ ಹತ್ರ ಹೋಗಿದ್ಯಾ?"

"ಹೋಗ್ಬೇಕು."

"ಹೋಗು ಮಾರಾಯ. ಹಳೇ ಕಾಲದ್ದು ಹೇಳೋಕೆ ಉಳಿದಿರೋದು ಅವರೊಬ್ರೇ. ಆದ್ರೆ ಹೇಳಿದ್ದನ್ನೆಲ್ಲ ಹಾಗ್ಹಾಗೇ ಹಾಕಿಬಿಡಬೇಡ. ದಾಖಲೆ ನೋಡಿ ತಾಳೆ ಮಾಡ್ಕೋ. ಅವರ ತಲೆ ವಿಷಯ ನಿಂಗೆ ಹೇಳ್ಬೇಕಾ?"

"ಗೊತ್ತು," ಎಂದ ಅವನು. ಪೆನ್ಸಿಲ್ಲಿನ ತುದಿ ಚೂಪಾಗಿಯೇ ಇತ್ತು. ಆದರೂ ಚೂಪು ಮಾಡಲು ಕೂತ.

ಅವನಿಗೆ ಎಲ್ಲವೂ ಗೊತ್ತಿತ್ತು. ಇಪ್ಪತ್ತೆರಡು ವರ್ಷದ ಹಿಂದಿನ ಆ ಭಾನುವಾರ ಅವನಿಗೆ ಹೊತ್ತು ಹೊತ್ತಿನ ಲೆಕ್ಕದಲ್ಲಿ ನೆನಪಿತ್ತು.

ಈ ಸಭೆಯಲ್ಲಿ ಗೀತೆಯ ಅಂಕಿಯನ್ನು ಯಾರೂ ಬಾಯಿಬಿಟ್ಟು ಹೇಳುವುದಿಲ್ಲ. ಬೇರೆ ಕಡೆ ಅಯ್ಯನವರು "ಇಂಥಿಂಥ ಗೀತೆ ಹಾಡೋಣ" ಎನ್ನುತ್ತಾರೆ. ಇಲ್ಲಿ ಪ್ರಸಂಗಪೀಠದ ಪಕ್ಕದ ಗೋಡೆಗೆ ತೂಗುಹಾಕಿದ ಕರಿ ಹಲಗೆಯೇ ಎಲ್ಲವನ್ನೂ ಹೇಳುತ್ತದೆ. ಹಲಗೆಯಲ್ಲಿ ಅಡ್ಡಕ್ಕೆ ಮೂರು ಉದ್ದ ಸೀಳು ಕೊರೆದಿದೆ. ಅವುಗಳಲ್ಲಿ ಅಂಕಿ ಬರೆದ ತಗಡುಗಳನ್ನು ಜಾರಿಸಿ ನಿಲ್ಲಿಸಬೇಕು. ಆರ್ಗನ್ ತಾನಾಗಿ ಶುರುವಾಗುತ್ತದೆ, ಜನ ಹಲಗೆ ನೋಡಿ ಪುಟ ತೆಗೆದು ಎದ್ದು ನಿಲ್ಲುತ್ತಾರೆ. ಯಾಕೆ ಹೀಗೆ ಎಂದು ಕೇಳಿದರೆ 'ಮೊದಲಿನಿಂದಲೂ ಹಾಗೇ' ಎನ್ನುವವರೇ ಎಲ್ಲ. ಗೀತೆಗಳನ್ನು ಆರಿಸುವವಳು ಆರ್ಗನ್ ನುಡಿಸುವ ಅಕ್ಕ. ಹಳೆಯ ಕ್ಯಾಲೆಂಡರ್ ಹಾಳೆಯ ಬೆನ್ನಿಗೆ ಪೆನ್ಸಿಲ್ಲಿನಲ್ಲಿ ಮೂರು ಅಂಕಿ ಬರೆದು ಅವನ ಕೈಗೆ ಕೊಡುತ್ತಿದ್ದಳು. ಹಲಗೆ ತುಂಬುವುದು ಅವನ ಸೇವೆ. ಆಕೆಗೆ ಚೀಟಿಯ ಹಂಗೂ ಇರಲಿಲ್ಲ, ಪುಸ್ತಕದ ಹಂಗೂ ಇರಲಿಲ್ಲ. ಹದಿನೇಳನೇ ವಯಸ್ಸಿನಿಂದ ನಲವತ್ತು ವರ್ಷ ಅದೇ ಪೆಡಲ್ ತುಳಿದವಳು. ರಾಗಗಳೆಲ್ಲ ಬೆರಳಲ್ಲೇ ಇದ್ದವು.

ತಗಡುಗಳಲ್ಲಿ 6 ಮತ್ತು 9ಕ್ಕೆ ಒಂದೇ ತಗಡು. ನೆಟ್ಟಗೆ ಇಟ್ಟರೆ ಆರು, ಮಗುಚಿದರೆ ಒಂಬತ್ತು. ಗುರುತಿಗೆಂದು ಆರರ ಪಾದಕ್ಕೆ ಒಂದು ಬಿಳಿ ಗೆರೆ ಎಳೆದಿದ್ದರು. ಆ ಗೆರೆ ಉಜ್ಜಿ ಉಜ್ಜಿ ಅಳಿಸಿತ್ತು. ಬಣ್ಣ ತಂದು ಹಚ್ಚಬೇಕೆಂದು ಅವನು ಆರೇಳು ತಿಂಗಳಿಂದ ಅಂದುಕೊಳ್ಳುತ್ತಲೇ ಇದ್ದ.

ಅಂದು ಸುತ್ತಲಿನ ಸಭೆಗಳನ್ನೆಲ್ಲ ನೋಡಿಕೊಳ್ಳುವ ಮೇಲ್ವಿಚಾರಕರು ಬಂದಿದ್ದರು. ಹೊಸ ಚಾವಣಿಯ ಪ್ರತಿಷ್ಠೆ, ಅದರ ಜೊತೆಗೆ ಹೊಸ ಹಿರಿಯರ ನೇಮಕ. ಹಿರಿಯರಾಗಲಿದ್ದ ನಾಲ್ವರಲ್ಲಿ ಅವನೂ ಒಬ್ಬ. ಹೊಸ ಅಂಗಿಯ ಕಾಲರು ಕತ್ತಿಗೆ ಚುಚ್ಚುತ್ತಿತ್ತು. ಓದಬೇಕಾದ ಸ್ವಾಗತದ ಮಾತು ಬಾಯಲ್ಲೇ ಗುನುಗುತ್ತಿತ್ತು. ಆ ಗಡಿಬಿಡಿಯಲ್ಲಿ ಹಲಗೆ ತುಂಬಿ ಬಂದು ಮುಂದಿನ ಬೆಂಚಿನಲ್ಲಿ ಕೂತ. ಎರಡನೆಯ ಗೀತೆಗೆ ಆರ್ಗನ್ ಏರುದನಿಯಲ್ಲಿ ಎದ್ದಿತು. ಕೃತಜ್ಞತೆಯ ಗೀತೆ, ಕುಣಿಯುವಂಥ ರಾಗ. ಜನ ಎದ್ದು, ಪುಸ್ತಕ ಬಿಡಿಸಿ, ಬಾಯಿ ತೆರೆದರು. ಬಾಯಿಂದ ಬಂದದ್ದು ಸಮಾಧಿಯ ಗೀತೆ. ಕುಣಿಯುವ ರಾಗದ ಬೆನ್ನೇರಿ 'ಮಣ್ಣಿಗೆ ಮಣ್ಣು' ಎಂಬ ಮಾತುಗಳು ಒಂದು ಸಾಲು ಹೇಗೋ ಸಾಗಿದವು. ಎರಡನೇ ಸಾಲಿಗೆ ಪದ ಹೆಚ್ಚಾಗಿ ರಾಗ ಸಾಲದೆ ಹಾಡು ಮುಗ್ಗರಿಸಿ ಬಿತ್ತು. ಹಿಂದಿನ ಬೆಂಚಿನಲ್ಲಿ ಯಾರೋ ಕಿಸಕ್ಕೆಂದರು. ಆಮೇಲೆ ತಡೆಯುವವರೇ ಇರಲಿಲ್ಲ. ಮೇಲ್ವಿಚಾರಕರೂ ಕರವಸ್ತ್ರವನ್ನು ಬಾಯಿಗೆ ಒತ್ತಿಕೊಂಡರು. ಆರ್ಗನ್ ಅಕ್ಕ ಕೈ ನಿಲ್ಲಿಸಿ ಹಿಂದಿರುಗಿ ನೋಡಿದಳು. ಇಡೀ ಸಭೆ ತನ್ನನ್ನೇ ನೋಡುತ್ತಿತ್ತು.

ಅವನು ಮಾತ್ರ ಹಲಗೆ ನೋಡಿದ. 196. ಚೀಟಿಯಲ್ಲಿದ್ದದ್ದು 166. ನಡುವಿನ ತಗಡು ತಲೆಕೆಳಗಾಗಿ ನಿಂತಿತ್ತು. ಸಾವಿರಾರು ಪುಟ ತಿದ್ದಿದ ಕಣ್ಣಿಗೆ ಅರೆಕ್ಷಣವೂ ಬೇಕಾಗಲಿಲ್ಲ.

ಆರಾಧನೆ ಮುಗಿದ ಮೇಲೆ ಹೇಳಿದರಾಯಿತು ಎಂದುಕೊಂಡ. ನಿಜವಾಗಿಯೂ ಹಾಗೆ ಅಂದುಕೊಂಡಿದ್ದ. ಆಮೇಲೆ ಮೊಣಕಾಲೂರಿದ, ಮೇಲ್ವಿಚಾರಕರ ಬೆಚ್ಚಗಿನ ಅಂಗೈ ತಲೆಯ ಮೇಲೆ ಬಂತು, 'ನಂಬಿಗಸ್ತನಾಗಿ ನಡೆಯುವೆಯಾ' ಎಂಬ ಪ್ರಶ್ನೆಗೆ 'ನಡೆಯುವೆನು' ಎಂದ. ಎಲ್ಲ ಮುಗಿದು ಜನ ಹೊರಗೆ ಹೋಗುವಾಗ ಅಭ್ಯಾಸಬಲದಿಂದ ಹಲಗೆಯ ಬಳಿಗೆ ಹೋಗಿ ತಗಡುಗಳನ್ನು ಒಂದೊಂದಾಗಿ ಕೀಳತೊಡಗಿದ. ಹಿಂದೆ ಆಕೆ ಬಂದು ನಿಂತದ್ದು ಗೊತ್ತಾಗಲಿಲ್ಲ.

"ತಮ್ಮಾ, ನಾನು ಎಷ್ಟು ಅಂತ ಬರೆದಿದ್ದೆ?"

ಬೀಗದವನೂ ಇನ್ನಿಬ್ಬರು ಹೊಸ ಹಿರಿಯರೂ ಅಲ್ಲೇ ನಿಂತು ನಗುತ್ತಿದ್ದರು. ಚೀಟಿ ಅವನ ಹೊಸ ಅಂಗಿಯ ಜೇಬಿನಲ್ಲಿತ್ತು.

"ನೂರ ತೊಂಬತ್ತಾರು ಅಕ್ಕಾ," ಎಂದ.

ಮಾತು ಅವನಿಗಿಂತ ಮುಂಚೆ ಹೊರಗೆ ಹೋಗಿತ್ತು. ಹಿಂದಕ್ಕೆ ಕರೆಯಬಹುದಿತ್ತು, ಅಷ್ಟರಲ್ಲಿ ಆಕೆಯ ಮುಖದ ಬಣ್ಣ ಇಳಿಯುತ್ತಿರುವುದನ್ನು ನೋಡುತ್ತಾ ನಿಂತುಬಿಟ್ಟ. ಆಕೆ ವಾದ ಮಾಡಲಿಲ್ಲ. ಚೀಟಿ ತೋರಿಸು ಎನ್ನಲಿಲ್ಲ. ಬೆಂಚಿನ ಬೆನ್ನನ್ನು ಹಿಡಿದುಕೊಂಡು, "ಅಮ್ಮನಿಗೂ ಹೀಗೇ ಶುರುವಾಗಿದ್ದು," ಎಂದಳು. ಆಕೆಯ ತಾಯಿ ಕೊನೆಯ ಆರು ವರ್ಷ ಮಗಳನ್ನೇ ಗುರುತಿಸದೆ 'ನೀನು ಯಾರಮ್ಮಾ' ಎಂದು ಕೇಳುತ್ತಾ ತೀರಿಕೊಂಡಿದ್ದನ್ನು ಸಭೆಯೆಲ್ಲ ಬಲ್ಲುದು.

"ಏನೂ ಇಲ್ಲ ಬಿಡಿ ಅಕ್ಕಾ, ವಯಸ್ಸು," ಎಂದ ಬೀಗದವನು. "ಪ್ರೂಫಣ್ಣನ ಕಣ್ಣಂತೂ ತಪ್ಪೋದಿಲ್ಲ."

ಮುಂದಿನ ವಾರ ಆಕೆ ಆರ್ಗನ್ನಿನ ಕೀಲಿಕೈಯನ್ನು ಅಯ್ಯನವರಿಗೆ ಕೊಟ್ಟುಬಿಟ್ಟಳು. ನಡಾವಳಿಯಲ್ಲಿ 'ಅನಾರೋಗ್ಯದ ಕಾರಣದಿಂದ' ಎಂದು ಬರೆದುಕೊಂಡರು. ಪಾಠಕ್ಕೆ ಬರುತ್ತಿದ್ದ ಮಕ್ಕಳನ್ನೂ ಬಿಟ್ಟಳು. ವರ್ಷ ತುಂಬುವುದರೊಳಗೆ ಒಬ್ಬಳೇ ಇದ್ದ ಮನೆಯನ್ನು ಖಾಲಿ ಮಾಡಿ ತಮ್ಮನ ಮಗಳ ಮನೆ ಸೇರಿದಳು. ಚೀಟಿ ಆ ಸೋಮವಾರವೇ ಅಂಗಿಯ ಜೊತೆ ಬಟ್ಟೆ ಒಗೆಯುವ ಬಕೆಟ್ಟಿಗೆ ಹೋಗಿತ್ತು. "ಜೇಬು ನೋಡದೆ ಹಾಕ್ತೀರಲ್ಲ, ನೋಡಿ ಎಷ್ಟು ಚೂರು ಅಂಟಿದೆ," ಎಂದು ಹೆಂಡತಿ ಗೊಣಗಿದ್ದಳು. ಅವನಿಗೆ ಆಗ ಆದದ್ದು ಸಮಾಧಾನ. ಅದನ್ನು ನೆನೆದಾಗಲೆಲ್ಲ, ಸುಳ್ಳಿಗಿಂತಲೂ ಆ ಸಮಾಧಾನವೇ ಅವನಿಗೆ ಹೆಚ್ಚು ಹೇಸಿಗೆಯಾಗಿ ಕಾಣುತ್ತಿತ್ತು.

ತಮ್ಮನ ಮಗಳು ದರ್ಜಿ. ಮುಂದಿನ ಕೋಣೆಯೇ ಅಂಗಡಿ. ಶಾಲೆಯ ಸಮವಸ್ತ್ರದ ನೀಲಿ ಬಟ್ಟೆ ಥಾನುಗಟ್ಟಲೆ ಬಿದ್ದಿತ್ತು. ನೆಲದ ತುಂಬ ದಾರದ ತುಂಡು, ಗೆರೆ ಎಳೆಯುವ ಸೀಮೆಸುಣ್ಣದ ಪುಡಿ. ಒಳಗಿನ ಕೋಣೆಯ ಕಿಟಕಿಯ ಪಕ್ಕ ಆರ್ಗನ್ ಅಕ್ಕ ಗುಂಡಿ ಹೊಲಿಯುತ್ತಾ ಕೂತಿದ್ದಳು. ಎಪ್ಪತ್ತೊಂಬತ್ತಾದರೂ ಬೆನ್ನು ಆರ್ಗನ್ ಮುಂದೆ ಕೂತಂತೆಯೇ ನೆಟ್ಟಗಿತ್ತು.

"ಬಾ ತಮ್ಮಾ. ಚರಿತ್ರೆ ಬರೀತಿದ್ದೀಯಂತೆ. ನನ್ನನ್ನ ಕೇಳೋಕೆ ಬಂದ್ಯಲ್ಲ, ನಿಂಗೂ ಬೇರೆ ಗತಿ ಇಲ್ಲ ಅನ್ನು."

ಗೋಡೆಯ ಮೇಲೆ ಚೀಟಿಗಳು ಅಂಟಿದ್ದವು. ಒಲೆಯ ಮೇಲ್ಗಡೆ 'ಆರಿಸಿದ್ದೀಯಾ?' ಎಂದು. ಬಾಗಿಲಿಗೆ 'ಬೀಗ?' ಎಂದು. ಮಾತ್ರೆಯ ಡಬ್ಬಿಯ ಪಕ್ಕದಲ್ಲಿ ಒಂದು ಉದ್ದ ಹಾಳೆ. ದಿನಕ್ಕೆರಡು ಟಿಕ್ ಗುರುತು, ಒಂದೂ ತಪ್ಪದೆ. ಆಕೆ ಎದ್ದು ಚಹಾ ಸೋಸಿ ಲೋಟ ಅವನ ಕೈಗಿತ್ತಳು. "ಸಕ್ಕರೆ ಹಾಕಿದ್ನಾ ನೋಡು. ಎರಡು ಸಲ ಹಾಕಿದ್ರೂ ಹೇಳು, ಬೇಜಾರಿಲ್ಲ."

ಸಕ್ಕರೆ ಸರಿಯಾಗಿತ್ತು. ಇಪ್ಪತ್ತೆರಡು ವರ್ಷದ ಹಿಂದೆ ಅವನು ಎಷ್ಟು ಕುಡಿಯುತ್ತಿದ್ದನೋ ಅಷ್ಟೇ, ಒಂದೂವರೆ ಚಮಚ.

"ಈ ಸಭೇಲಿ ಅಂಕಿ ಯಾಕೆ ಹೇಳಲ್ಲ, ಗೊತ್ತಾ ನಿಂಗೆ?" ಎಂದು ಆಕೆಯೇ ಶುರುಮಾಡಿದಳು. "ನಮ್ಮಜ್ಜಿ ಹೇಳ್ತಿದ್ರು. ಮೊದಲನೇ ಅಯ್ಯನವರಿಗೆ ತೊದಲು. ಬೇರೆಲ್ಲ ನೀರು ಹರಿದ ಹಾಗೆ, 'ನ' ಬಂದ್ರೆ ಮಾತ್ರ ಗಾಡಿ ನಿಂತೇಹೋಗೋದು. ಪ್ರಸಂಗದಲ್ಲಿ ಜಾಣತನ ಮಾಡಿ ತಪ್ಪಿಸ್ಕೋತಿದ್ರಂತೆ. 'ನೀತಿ' ಅನ್ನೋ ಕಡೆ 'ಧರ್ಮ' ಅನ್ನೋದು, 'ನಂಬಿಕೆ' ಅನ್ನೋ ಕಡೆ 'ವಿಶ್ವಾಸ' ಅನ್ನೋದು. ಅಂಕಿಗೆ ಏನು ಮಾಡ್ತೀಯಾ? ನಾಲ್ಕು, ನಲವತ್ತು, ನೂರು, ಮೂರೂ ಅವರ ಶತ್ರುಗಳು. ಎರಡು ವರ್ಷ ನಮ್ಮ ಸಭೆ ನೂರರ ಮೇಲಿನ ಒಂದು ಗೀತೆನೂ ಹಾಡಿಲ್ಲ ಅಂದ್ರೆ ನಂಬ್ತೀಯಾ?"

ಅವನು ನಕ್ಕ. ಬರೆದುಕೊಳ್ಳುತ್ತಿದ್ದ ಕೈ ಹಗುರಾಯಿತು.

"ನಗ್ಬೇಡ. ಸತ್ತೋರ ಗತಿ ನೋಡು. ಸಮಾಧಿ ಗೀತೆಗಳೆಲ್ಲ ಇರೋದು ನೂರ ತೊಂಬತ್ತರ ಮೇಲೆ. ಪಾಪ, ಎರಡು ವರ್ಷ ಎಲ್ಲರನ್ನೂ ಸುಗ್ಗಿ ಹಾಡು ಹಾಡಿ ಮಣ್ಣು ಮಾಡಿದ್ರು. ಆಮೇಲೆ ಒಬ್ಬ ಬಡಗಿಗೆ ಕನಿಕರ ಬಂದು ಹಲಗೆ ಮಾಡಿಕೊಟ್ಟ. ಅಯ್ಯನವರು ತೀರ್ಕೊಂಡ ಮೇಲೂ ಯಾರೂ ಅಂಕಿ ಹೇಳಲಿಲ್ಲ, ಅವರಿಗೆ ಮರ್ಯಾದೆ ಅಂತ. ಆಮೇಲೆ ಮರ್ಯಾದೆ ಮರೆತುಹೋಯ್ತು, ಪದ್ಧತಿ ಉಳ್ಕೊಂತು."

ನೂರ ತೊಂಬತ್ತು ಎಂಬ ಅಂಕಿಯನ್ನು ಮಾತ್ರ ಅವನು ಬರೆದುಕೊಳ್ಳಲಿಲ್ಲ. ಆಕೆ ಸೂಜಿಗೆ ದಾರ ಪೋಣಿಸಿದಳು. ಮೊದಲ ಸಲಕ್ಕೇ ಹೋಯಿತು.

"ಇದನ್ನ ಹಾಗೇ ಬರೀಬೇಡ ಮತ್ತೆ. ದಾಖಲೆ ನೋಡು. ನನ್ನದು ತೂತು ಬಿದ್ದ ಕೊಡ. ಅಜ್ಜಿ ಹೇಳಿದ್ದೋ, ನಾನೇ ಕಟ್ಟಿದ್ದೋ, ಯಾರಿಗೆ ಗೊತ್ತು?"

ಹೊರಗೆ ಬರುವಾಗ ದರ್ಜಿ ಹುಡುಗಿ ಮಿಷಿನ್ ನಿಲ್ಲಿಸಿ ತಲೆಯೆತ್ತಿದಳು. ಹುಡುಗಿಯೇನಲ್ಲ, ಐವತ್ತರ ಹತ್ತಿರದವಳು. ಅವನ ಬಾಯಿಗೆ ಮಾತ್ರ ಇನ್ನೂ ಹುಡುಗಿ. "ಮಾಮ, ಒಂದು ಮಾತು ಹೇಳ್ತೀನಿ. ಇಷ್ಟು ವರ್ಷದಲ್ಲಿ ಅತ್ತೆ ಒಂದು ಗುಂಡಿ ಲೆಕ್ಕ ತಪ್ಪಿಲ್ಲ. ಒಂದು ದಿನ ಒಲೆ ಹಾಗೇ ಬಿಟ್ಟಿಲ್ಲ. ಡಾಕ್ಟ್ರು ಮೂರು ಸಲ ನೋಡಿ ಏನೂ ಇಲ್ಲ ಅಂದ್ರು. 'ಡಾಕ್ಟ್ರಿಗೇನು ಗೊತ್ತು, ನನ್ನ ಕೈಲಿ ಬರೆದದ್ದೇ ನಂಗೆ ನೆನಪಿರಲಿಲ್ಲ' ಅಂತಾರೆ. ಅಳತೆ ನೋಡಿ ಬಟ್ಟೆ ಕತ್ತರಿಸಿ ಅಂದ್ರೆ, ತಪ್ಪಾದ್ರೆ ಅಂತ ಕತ್ತರಿ ಮುಟ್ಟಲ್ಲ. ದಿನಾ ಬೆಳಿಗ್ಗೆ ಎದ್ದು ನನ್ನ ಹೆಸರು, ನಮ್ಮಪ್ಪನ ಹೆಸರು ಜೋರಾಗಿ ಹೇಳ್ಕೊಂಡು ಆಮೇಲೇ ಮುಖ ತೊಳೆಯೋದು."

"ಯಾಕೆ?" ಎಂದು ಕೇಳಿದ. ಕೇಳಬಾರದಿತ್ತು.

"ಇವತ್ತೂ ಮರೆತಿಲ್ಲ ಅಂತ ನೋಡ್ಕೊಳ್ಳೋಕೆ."

ಮರುದಿನ ಹಿಂದಿನ ಕೋಣೆಯಲ್ಲಿ ಹಳೆಯ ನಡಾವಳಿ ಪುಸ್ತಕಗಳನ್ನು ಮಗುಚಿದ. ಮೂರನೆಯ ವರ್ಷದ ಪುಟದಲ್ಲಿ, ಮಾಸಿದ ಕಂದು ಶಾಯಿಯಲ್ಲಿ, ಸಿಕ್ಕಿತು: 'ಅಯ್ಯನವರ ನಾಲಿಗೆಯ ತೊಂದರೆಯ ನಿಮಿತ್ತ ಗೀತೆಗಳಿಗೆ ಹಲಗೆ ಮಾಡಿಸತಕ್ಕದ್ದು, ಮರಗೆಲಸದ ಸಹೋದರನು ಇದನ್ನು ಉಚಿತವಾಗಿ ಮಾಡಿಕೊಡಲು ಒಪ್ಪಿದ್ದಾನೆ.' ಸಮಾಧಿಯ ದಾಖಲೆಯಲ್ಲಿ ಅದಕ್ಕೆ ಹಿಂದಿನ ಎರಡು ವರ್ಷದ ಹನ್ನೊಂದು ಹೆಸರುಗಳ ಮುಂದೆಯೂ ಹಾಡಿದ ಗೀತೆಯ ಅಂಕಿ ಇತ್ತು. ಒಂದೂ ನೂರು ದಾಟಿರಲಿಲ್ಲ. ಆಕೆ ಹೇಳಿದ ಇನ್ನೂ ಇಪ್ಪತ್ತಮೂರು ಸಂಗತಿಗಳನ್ನು ಅವನು ಪಟ್ಟಿ ಮಾಡಿಕೊಂಡಿದ್ದ. ಒಂದೊಂದನ್ನೂ ಹುಡುಕಿದ. ಎಲ್ಲೋ ಒಳಗೆ ಅವನಿಗೊಂದು ಆಸೆಯಿತ್ತು, ಹೇಳಿಕೊಳ್ಳುವುದಕ್ಕೂ ನಾಚಿಕೆಯಾಗುವಂಥ ಆಸೆ: ಒಂದಾದರೂ ತಪ್ಪಿರಲಿ. ಒಂದು ತಪ್ಪಿದ್ದರೆ ಆಕೆಯ ತಲೆ ನಿಜವಾಗಿಯೂ ಮಂಕಾಗಿದೆ ಎಂದಾಗುತ್ತದೆ. ಆಗ ಅವನು ಕದ್ದದ್ದು ಅಷ್ಟು ದೊಡ್ಡದಲ್ಲ ಎಂದಾದರೂ ಅಂದುಕೊಳ್ಳಬಹುದು. ಗಂಟೆ ತಂದ ವರ್ಷ ಸರಿ. ಸುಣ್ಣ ಬಳಿಯುವಾಗ ಏಣಿಯಿಂದ ಬಿದ್ದವನ ಹೆಸರು ಸರಿ, ಮುರಿದದ್ದು ಎಡಗೈ ಎಂಬುದೂ ಸರಿ. ಒಂದು ಮದುವೆಯ ತಾರೀಕು ಮಾತ್ರ ತಾಳೆಯಾಗಲಿಲ್ಲ. ಎದೆ ಹಗುರಾಗುವಷ್ಟರಲ್ಲಿ ಪುಟದ ಅಂಚಿನಲ್ಲಿ ಇನ್ನೊಂದು ಕೈಬರಹದ ತಿದ್ದುಪಡಿ ಕಂಡಿತು: ದಾಖಲೆ ಬರೆದವರೇ ತಪ್ಪಿದ್ದರು, ಆಕೆಯಲ್ಲ.

ಆ ವಾರ ಅವನಿಗೆ ಅನ್ನ ಸೇರಲಿಲ್ಲ. "ಚರಿತ್ರೆ ಬರೆಯೋರು ನೀವು, ಉಪವಾಸ ಮಾತ್ರ ನನ್ನ ಅಡಿಗೆಗೆ," ಎಂದಳು ಹೆಂಡತಿ. "ನನ್ನ ಕೈ ರುಚಿ ಕೆಡ್ತೋ, ನಿಮ್ಮ ಹೊಟ್ಟೆ ಕೆಡ್ತೋ, ಯಾವುದಾದರೊಂದು ಹೇಳಿಬಿಡಿ." ಅವನು ತಟ್ಟೆ ನೋಡುತ್ತಾ, "ನಿನ್ನ ಕೈಯದ್ದೇನಿಲ್ಲ," ಎಂದ.

ಶುಕ್ರವಾರ ಮಧ್ಯಾಹ್ನ ಆ ಅಧ್ಯಾಯಕ್ಕೆ ಮತ್ತೆ ಕೂತ. 'ನಿವೃತ್ತರಾದರು' ಎಂಬುದನ್ನು ಉಜ್ಜಿ ಅಳಿಸಿದ. 'ನಾನು' ಎಂದು ಬರೆದ. ಸಭೆಯ ಚರಿತ್ರೆಯಲ್ಲಿ 'ನಾನು' ಎಲ್ಲಿಂದ ಬಂತು ಎನ್ನಿಸಿ ಅದನ್ನೂ ಅಳಿಸಿದ. 'ಹಲಗೆ ತುಂಬುವ ಸೇವೆಯಲ್ಲಿದ್ದವರು' ಎಂದು ಬರೆದ. ಹೆಂಡತಿ, ಬೀಗದವನು, ಅಯ್ಯನವರು, ಮುಂದಿನ ಬೆಂಚಿನವರು ಎಲ್ಲರೂ ಪುಟದಿಂದ ತಲೆಯೆತ್ತಿ ತನ್ನತ್ತ ನೋಡುವುದು ಕಾಣಿಸಿತು, ಅದೂ ಹೋಯಿತು. ಕಾಗದ ತೆಳ್ಳಗಾಗುವವರೆಗೆ ಅಳಿಸಿ ಅಳಿಸಿ ಕೊನೆಗೆ ಉಳಿದ ವಾಕ್ಯ ಇದು: 'ಆ ದಿನ ಗೀತೆಯ ಹಲಗೆಯಲ್ಲಿ ಒಂದು ಅಂಕಿ ತಲೆಕೆಳಗಾಗಿ ಇಡಲ್ಪಟ್ಟಿದ್ದರಿಂದ ಗೊಂದಲವುಂಟಾಯಿತು, ಆರ್ಗನ್ ಸೇವೆಯಲ್ಲಿದ್ದ ಸಹೋದರಿಯಿಂದ ಯಾವ ಲೋಪವೂ ಆಗಿರಲಿಲ್ಲ.'

ಕರ್ತೃವಿಲ್ಲದ ವಾಕ್ಯ. ಬೇರೆಯವರ ಬರಹದಲ್ಲಿ ಕಂಡಿದ್ದರೆ ಅಂಚಿನಲ್ಲಿ 'ಯಾರು?' ಎಂದು ಬರೆದು ಪ್ರಶ್ನೆ ಹಾಕುತ್ತಿದ್ದ. ಆದರೂ ಆಕೆಗೆ ಸೇರಬೇಕಾದದ್ದು ಅದರಲ್ಲಿತ್ತು. ಅಷ್ಟಾದರೆ ಸಾಕು, ಕೇಳಿದರೆ ಉಳಿದದ್ದನ್ನು ಬಾಯಲ್ಲಿ ಹೇಳುತ್ತೇನೆ ಎಂದು ತನಗೆ ತಾನೇ ಮಾತು ಕೊಟ್ಟುಕೊಂಡ. ಕೇಳದೆ ಇರುತ್ತಾಳೆಯೇ?

ಶನಿವಾರ ಹಾಳೆಗಳನ್ನು ಹಿಡಿದುಕೊಂಡು ಹೋದ. ಆಕೆಯ ಕಣ್ಣು ಚಿಕ್ಕ ಅಕ್ಷರಕ್ಕೆ ಮಂಜು. ಅವನೇ ಓದಿ ಹೇಳಿದ. ತೊದಲುವ ಅಯ್ಯನವರ ಭಾಗಕ್ಕೆ ಆಕೆ ಚಿಕ್ಕ ಹುಡುಗಿಯಂತೆ ನಕ್ಕು, "ದಾಖಲೇಲಿ ಇತ್ತಾ? ನಿಜವಾಗ್ಲೂ ಇತ್ತಾ?" ಎಂದು ಎರಡು ಸಲ ಕೇಳಿದಳು. ಹೊಸ ಚಾವಣಿಯ ವರ್ಷ ಬಂತು. ಆ ವಾಕ್ಯವನ್ನು ಓದಿದ. ಮುಂದಿನ ಕೋಣೆಯ ಹೊಲಿಗೆ ಮಿಷಿನ್ನಿನ ಸದ್ದು ನಿಂತಿತು.

"ಇನ್ನೊಂದು ಸಲ ಓದು."

ಓದಿದ.

ಆಕೆ ಹೊಲಿಯುತ್ತಿದ್ದ ಅಂಗಿಯನ್ನು ಮಡಿಸಿ ಪಕ್ಕಕ್ಕಿಟ್ಟಳು. ಮುಖ ಅವನತ್ತ ತಿರುಗಿತು. ಇಪ್ಪತ್ತೆರಡು ವರ್ಷ ಅವನು ಹೆದರುತ್ತಿದ್ದ ನೋಟ ಇದೇ ಇರಬೇಕು ಎಂದುಕೊಂಡ. ಆದರೆ ಆ ನೋಟದಲ್ಲಿ ಇದ್ದದ್ದು ಬೇರೆಯೇ.

"ಇದನ್ನ ಹೊಡೆದು ಹಾಕು ತಮ್ಮಾ."

"ಅಕ್ಕಾ..."

"ನನ್ನ ಮೇಲಿನ ಪ್ರೀತಿಗೆ ಬರೆದಿದ್ದೀಯಾ. ನಂಗೆ ಗೊತ್ತಾಗಲ್ವಾ? ಆದ್ರೆ ಹಲಗೆ ಇಡ್ತಿದ್ದೋನು ಯಾರು? ನೀನು. ಇದನ್ನ ಓದಿದೋರು ಏನಂತಾರೆ? ಅವನೇ ತಪ್ಪಿಟ್ಟ ಅಂತಾರೆ. ಮುದುಕಿ ಮರ್ಯಾದೆ ಉಳಿಸೋಕೆ ಹೋಗಿ ನಿನ್ನ ತಲೆ ಮೇಲೆ ಯಾಕೆ ಎಳ್ಕೋತೀಯಾ?"

"ಎಳ್ಕೊಳ್ಳೋದಲ್ಲ ಅಕ್ಕಾ. ಅದು... ನಿಜವಾಗಿಯೂ..."

"ಸುಮ್ನಿರು. ಅವತ್ತು ನಾನು ಕೇಳಿದ್ದಕ್ಕೆ ನೀನು ನಿಜ ಹೇಳಿದ್ದೆ. ನಿನ್ನ ಜಾಗದಲ್ಲಿ ಬೇರೆ ಯಾರಿದ್ರೂ ಮುಖ ನೋಡಿ 'ಗೊತ್ತಿಲ್ಲ ಅಕ್ಕಾ' ಅಂತಿದ್ರು. ಆ ಒಂದು ಮಾತಿಂದ ನಾನು ಹುಷಾರಾದೆ. ಇಲ್ದಿದ್ರೆ ಅಮ್ಮನ ಹಾಗೆ ಒಲೆ ಹಚ್ಚಿಟ್ಟು ಬೀದಿಗೆ ಹೋಗ್ತಿದ್ನೋ ಏನೋ." ಆಕೆ ಕೈಚಾಚಿ ಅವನ ಮುಂಗೈ ಮೇಲೆ ಇಟ್ಟಳು. ನಲವತ್ತು ವರ್ಷ ಆರ್ಗನ್ ಕೀಲಿಗಳ ಮೇಲೆ ಓಡಾಡಿದ ಬೆರಳುಗಳು ಒಣಗಿ ಹಗುರಾಗಿದ್ದವು. "ನಿನ್ನನ್ನ ನೆನೆಸ್ಕೊಂಡು ಎಷ್ಟು ಸಲ ದೇವರಿಗೆ ಸ್ತೋತ್ರ ಹೇಳಿದ್ದೀನಿ ಗೊತ್ತಾ? ಈಗ ದೇವರ ಮನೆ ಚರಿತ್ರೇಲಿ ನನಗೋಸ್ಕರ ಸುಳ್ಳು ಬರೀಬೇಡ. ಹೊಡೀ, ನನ್ನೆದುರಿಗೇ ಹೊಡೀ."

ಬಾಯಿ ತೆರೆದ. ಆ ಕೈಯನ್ನು ಅಲ್ಲಿಂದ ತೆಗೆದುಬಿಟ್ಟರೆ ಹೇಳಬಲ್ಲೆ ಎನ್ನಿಸಿತು. ಆಕೆ ತೆಗೆಯಲಿಲ್ಲ. ಇಪ್ಪತ್ತೆರಡು ವರ್ಷದ ಸ್ತೋತ್ರಗಳು, ಗೋಡೆಯ ಚೀಟಿಗಳು, ಬೆಳಗಿನ ಹೆಸರುಗಳು, ಎಲ್ಲವೂ ಆ ಹಗುರ ಕೈಯ ಅಡಿಯಲ್ಲಿದ್ದವು. ಒಂದನ್ನು ಎಳೆದರೆ ಯಾವುದೂ ನಿಲ್ಲುವುದಿಲ್ಲ. ಆಕೆಗಾಗಿ ಸುಮ್ಮನಿದ್ದೇನೆ ಎಂದುಕೊಂಡ. ಆ ಮಾತಿನಲ್ಲಿ ಎಷ್ಟು ನಿಜ, ಎಷ್ಟು ಹೇಡಿತನ ಎಂದು ಬೇರ್ಪಡಿಸಿ ನೋಡುವ ಧೈರ್ಯ ಬರಲಿಲ್ಲ. ಇನ್ನೊಂದು ಕೈಯಿಂದ ಪೆನ್ಸಿಲ್ ತೆಗೆದು ವಾಕ್ಯದ ಮೇಲೆ ಗೆರೆ ಎಳೆದ. ಗೆರೆಯ ತುದಿಗೆ, ಅಚ್ಚುಕೂಟದ ರೂಢಿಯಂತೆ, ಅಳಿಸಬೇಕೆಂಬ ಸುರುಳಿ ಗುರುತು ಹಾಕಿದ.

"ಏನು ಬರೀತೀಯಾ ಅಲ್ಲಿ?"

"ನಿವೃತ್ತರಾದರು ಅಂತ."

"ಅದು ಸರಿ," ಎಂದಳು ಆಕೆ.

ಹೊರಗಿನ ಕೋಣೆಯಲ್ಲಿ ಚಪ್ಪಲಿ ಹಾಕಿಕೊಳ್ಳುವಾಗ ದರ್ಜಿ ಹತ್ತಿರ ಬಂದಳು. ಕತ್ತಿನಲ್ಲಿ ಅಳತೆ ಪಟ್ಟಿ, ತುಟಿಯ ನಡುವೆ ಎರಡು ಗುಂಡುಸೂಜಿ. ಅವನ್ನು ತೆಗೆದು ಅಂಗೈಯಲ್ಲಿ ಹಿಡಿದುಕೊಂಡು, ದನಿ ತಗ್ಗಿಸಿ ಕೇಳಿದಳು:

"ಮಾಮ, ನೀವು ಓದಿದ್ದು ಕೇಳಿಸ್ತು. ನಿಜವಾಗಿ ಹಾಗೇ ಆಗಿತ್ತಾ?"

ಅವಳ ಕಣ್ಣಿನಲ್ಲಿ ಸಿಟ್ಟಿರಲಿಲ್ಲ. ಇದ್ದಿದ್ದರೆ ಚೆನ್ನಾಗಿತ್ತು. ಇದ್ದದ್ದು ಆಸೆ.

"ಎಷ್ಟು ವರ್ಷ ಆಯ್ತಲ್ಲಮ್ಮಾ," ಎಂದ. "ಯಾರಿಗೆ ಸರಿಯಾಗಿ ನೆನಪಿರುತ್ತೆ?"

ಅವಳು ಗುಂಡುಸೂಜಿಗಳನ್ನು ಡಬ್ಬಿಗೆ ಹಾಕಿದಳು. ಆಮೇಲೆ ಮಿಷಿನ್ ಮುಂದೆ ಹೋಗಿ ಕೂತಳು. ಅವನು ಬೀದಿ ತಿರುಗುವವರೆಗೂ ಮಿಷಿನ್ ಶುರುವಾಗಲಿಲ್ಲ.

ಪುಸ್ತಕ ಹೇಳಿದ ದಿನಕ್ಕೆ ಬಂತು. ನೂರ ಇಪ್ಪತ್ತೈದನೇ ವರ್ಷದ ಆರಾಧನೆಗೆ ಚರ್ಚು ತುಂಬಿ, ಗೋಡೆಯ ಉದ್ದಕ್ಕೂ ಜನ ನಿಂತಿದ್ದರು. ಅಯ್ಯನವರು ಅವನನ್ನು ಮುಂದಕ್ಕೆ ಕರೆದು ಶಾಲು ಹೊದಿಸಿದರು. "ಒಂದು ತಪ್ಪು ಸಿಗ್ಲಿ ಅಂತ ಬೆಳಿಗ್ಗೆಯಿಂದ ಹುಡುಕ್ತಿದ್ದೀನಿ ಕಣಯ್ಯಾ," ಎಂದ ಬೀಗದವನು ಎಲ್ಲರಿಗೂ ಕೇಳುವಂತೆ. "ಒಂದಾದ್ರೂ ಒತ್ತಕ್ಷರ ಬಿಟ್ಟಿದ್ದೀಯಾ ಅಂದ್ರೆ, ಊಹೂಂ." ಜನ ನಕ್ಕು ಚಪ್ಪಾಳೆ ತಟ್ಟಿದರು. ಮೊದಲ ಪ್ರತಿಯನ್ನು ಆರ್ಗನ್ ಅಕ್ಕನಿಗೆ ಕೊಡುವುದೆಂದು ಸಮಿತಿ ಮೊದಲೇ ತೀರ್ಮಾನಿಸಿತ್ತು. ಒಂದು ಗೀತೆಗಾದರೂ ಆರ್ಗನ್ ಮುಂದೆ ಕೂರಿ ಎಂದು ಅಯ್ಯನವರು ಕೇಳಿಕೊಂಡರು. ಆಕೆ ನಗುತ್ತಲೇ ತಲೆಯಾಡಿಸಿದಳು. "ಬೇಡ ಅಯ್ಯನವರೇ. ಇವತ್ತಿನಂಥ ದಿನ ಎಲ್ಲಾದ್ರೂ ಎಡವಟ್ಟು ಮಾಡಿಬಿಟ್ರೆ?"

ಗೀತೆ ಶುರುವಾಯಿತು. ಅವನು ಹಿರಿಯರ ಸಾಲಿನಲ್ಲಿ ನಿಂತಿದ್ದ. ಅಲ್ಲಿಂದ ಆಕೆ ಓರೆಯಾಗಿ ಕಾಣುತ್ತಿದ್ದಳು. ಆಕೆ ಪುಸ್ತಕದ ಪುಟ ತೆಗೆದು, ಗೀತೆಯ ಅಂಕಿಯ ಮೇಲೆ ಬೆರಳಿಟ್ಟು, ತಲೆಯೆತ್ತಿ ಹಲಗೆ ನೋಡಿದಳು, ಮತ್ತೆ ಬೆರಳು ನೋಡಿದಳು. ಆಮೇಲೆ ಪಕ್ಕದಲ್ಲಿದ್ದ ತಮ್ಮನ ಮಗಳ ಕಡೆಗೆ ಪುಸ್ತಕವನ್ನು ಓರೆ ಮಾಡಿ ಹಿಡಿದು ಏನೋ ಕೇಳಿದಳು. ಅವಳು ಹೌದೆಂದು ತಲೆಯಾಡಿಸಿದಳು. ಜನ ಆಗಲೇ ಎರಡನೆಯ ಸಾಲಿಗೆ ಹೋಗಿದ್ದರು. ಆಕೆ ಆಗ ಬಾಯಿ ತೆರೆದಳು.

ಅದಾದ ಮೇಲೆ ಆಕೆ ಮೂರು ವರ್ಷ ಬದುಕಿದ್ದಳು. ಅವನು ಎಷ್ಟೋ ಸಲ ಆ ಕಿಟಕಿಯ ಪಕ್ಕ ಕೂತು ಒಂದೂವರೆ ಚಮಚ ಸಕ್ಕರೆಯ ಚಹಾ ಕುಡಿದ, ಹಳೆಯ ಕಾಲದ ಮಾತು ಕೇಳಿದ, ನಕ್ಕ. ಆ ದಿನ ಚೀಟಿಯಲ್ಲಿ ಆಕೆ ಬರೆದಿದ್ದದ್ದು ನೂರ ಅರವತ್ತಾರು ಎಂದು ಮಾತ್ರ ಅವನು ಆಕೆಗೆ ಹೇಳಲಿಲ್ಲ.